ನೋಟದ ಕಟ್ಟೆ

"ಏ ಗಂಗಿ, ನಿನ್ನ ಕುಂಡೆ ಊರೂಕೆ ಇಡೀ ಬೈಲಲ್ಲಿ ಬೇರೆ ಜಾಗವೇ ಸಿಗ್ಲಿಲ್ಲ ಏನೇ, ರಂಡೆ?"

ಗಂಗಿ ಮೂರನೆಯ ಸಾಲಿನ ಚಿರೆಕಲ್ಲನ್ನು ಹಸಿಮಣ್ಣಿನ ಮೇಲೆ ಕೂರಿಸುತ್ತಿದ್ದವಳು ಬಾಗಿದ ಹಾಗೇ ನಿಂತಳು. ದನಿ ಯಾರದೆಂದು ತಲೆಯೆತ್ತಿ ನೋಡುವ ಅಗತ್ಯವಿರಲಿಲ್ಲ. ಮೈಕು ಕೈಗೆ ಬಂದರೆ 'ಕೊಪ್ಪದ ನನ್ನ ತಾಯಂದಿರೇ' ಎಂದು ಕಣ್ಣಲ್ಲಿ ನೀರು ತರಿಸುವ ಬಾಯಿ ಅದು. ಮೈಕು ಇಲ್ಲದಾಗ ಹೀಗೆ.

"ಮೇಲೆ ನಿಂತು ನೋಡ್ದೆ ಈಗ. ಗದ್ದೆ, ಒಡ್ಡು, ಹೊಳೆ, ಆಚೆ ಮಂಜಗುಣಿ ತೆಂಗು. ದೇವ್ರೇ ಬರೆದ ಚಿತ್ರ. ಅದರ ನಡೂ ಮಧ್ಯ ನಿನ್ನ ಸಂಡಾಸು!" ತುಳಸಿದಾಸ ಒಡೆಯರು ಚಪ್ಪಲಿ ಕಾಲಿನಿಂದ ಗೋಡೆಗೆ ಒದ್ದರು. ಮಣ್ಣು ಇನ್ನೂ ಹಸಿ. ನಾಲ್ಕೈದು ಕಲ್ಲು ಜಾರಿ ಗದ್ದೆಯ ಕೆಸರಿಗೆ ಬಿದ್ದವು. "ಶನಿವಾರ ಮೇಲಿನ ಸಾಹೇಬ್ರು ಬತ್ತಾರೆ, ಗೊತ್ತದ್ಯೋ ಇಲ್ಯೋ? ಇವತ್ತು ಸಂಜೆ ಒಳಗೆ ಒಂದು ಕಲ್ಲೂ ಇಲ್ಲಿ ಇರ್ಬಾರ್ದು."

"ಒಡೆಯಾ, ಪಂಚಾಯ್ತಿಯವ್ರೇ ಬರ್ಕೊಟ್ಟದ್ದು. ಕಲ್ಲು ಅವ್ರೇ ಹಾಕದ್ದು. ಸಿಮೆಂಟ್ ರಿಂಗೂ ಬಂದದೆ. ಮಗಳು ಹೆರೂಕೆ ಬಂದದೆ, ಒಡೆಯಾ, ಎಂಟು ತಿಂಗ್ಳು..."

"ನಿಮ್ಮ ಅಜ್ಜಿ ಮುತ್ತಜ್ಜಿ ಎಲ್ಲ ಸಂಡಾಸು ಕಟ್ಕಂಡೇ ಹೆತ್ತದ್ದಾ?"

ಒಡೆಯರ ಅಣ್ಣನ ಮಗ ಸುಜಯ ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕ. ಹೊಳೆಯ ಬದಿಗೆ ಅವನದೇ ಎರಡಂತಸ್ತಿನ ಹೋಮ್‌ಸ್ಟೇ ಇದೆ, ಆರು ಕೋಣೆ, ಆರು ಸಂಡಾಸು. ಅದು ಗುಡ್ಡದ ಮೇಲೆ ಪ್ರವಾಸಿಗರು ನಿಂತು ನೋಡುವ ಕಟ್ಟೆಯಿಂದ ಚೆನ್ನಾಗಿ ಕಾಣುತ್ತದೆ. ಆದರೆ ಅದಕ್ಕೆ ಮಣ್ಣಿನ ಬಣ್ಣ ಬಳಿದು, ಹಂಚು ಹೊದೆಸಿ, ಪಾರಂಪರಿಕ ಎಂದು ಬೋರ್ಡು ಹಾಕಿದ್ದರಿಂದ ಅದು ಚಿತ್ರದ ಒಳಗೇ ಸೇರಿಹೋಗಿತ್ತು.

ಅವರಿಬ್ಬರ ಹಿಂದೆ ಗಂಗಿಯ ಗಂಡ ಬೊಮ್ಮಯ್ಯ ನಿಂತಿದ್ದ. ಸಮಿತಿ ಕೊಟ್ಟ ಹಸಿರು ಟೋಪಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಯಾರಾದರೂ ನೋಟಕ್ಕೆ ಅಡ್ಡ ಬಂದರೆ ಸೀಟಿ ಊದುವುದು ಅವನ ಕೆಲಸ. ಅವನು ಕೆಸರಿಗೆ ಬಿದ್ದ ಕಲ್ಲುಗಳನ್ನು ನೋಡುತ್ತಿದ್ದ. ಹೆಂಡತಿಯ ಮುಖ ನೋಡಲಿಲ್ಲ.

ಮನೆಯ ಬಾಗಿಲಲ್ಲಿ ನೀಲಾ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಒಡೆಯರ ಒಂದೊಂದು ಮಾತೂ ಅವಳಿಗೆ ಕೇಳಿಸಿತ್ತು.

ಹಾಗೆ ನೋಡಿದರೆ ಈ ಗದ್ದೆ ಉಳಿದದ್ದೇ ಗಂಗಿಯಿಂದ. ನಾಲ್ಕು ವರ್ಷದ ಹಿಂದೆ ಯಾವುದೋ ಕಂಪನಿ ಸಿಗಡಿ ಹೊಂಡ ತೋಡಲು ಯಂತ್ರ ತಂದಿತ್ತು. ಗಜನಿ ಗದ್ದೆಯೆಂದರೆ ಹೊಳೆಯ ಉಪ್ಪುನೀರಿಗೆ ಎದೆಕೊಟ್ಟ ಭೂಮಿ. ಅಲ್ಲಿ ಬೆಳೆಯುವುದು ಕಗ್ಗ ಭತ್ತವೊಂದೇ, ಆಳೆತ್ತರ ಬೆಳೆದು ನೀರಲ್ಲಿ ನಿಲ್ಲುವ ಭತ್ತ. ಒಮ್ಮೆ ಹೊಂಡ ತೋಡಿದರೆ ಅದೂ ಮುಗಿಯಿತು. ಆ ದಿನ ಗಂಗಿ ಯಂತ್ರದ ಬಕೆಟ್ಟಿನೊಳಗೆ ಹತ್ತಿ ಕೂತುಬಿಟ್ಟಿದ್ದಳು. ಅವಳ ಹಿಂದೆ ಕಾಮಿ ಮುದುಕಿ, ಮುದುಕಿಯ ಹಿಂದೆ ಇಡೀ ಕಟ್ಟಿನಕೊಪ್ಪ. ಸಂಜೆಯವರೆಗೆ ಕೂತರು, ಕಂಪನಿಯವರು ಗಾಡಿ ತಿರುಗಿಸಿದರು. ತುಳಸಿದಾಸ ಒಡೆಯರು ಪೇಪರಿನವರ ಎದುರು ಗಂಗಿಗೆ ಶಾಲು ಹೊದೆಸಿ, "ಈ ನೆಲದ ಮಗಳು" ಎಂದರು. ಗಂಗಿ ಅದನ್ನು ನಂಬಿದಳು. ನಂಬಿದ್ದಕ್ಕೆ ಈಗ ತನ್ನ ಮೇಲೇ ಅವಳಿಗೆ ಸಿಟ್ಟಿತ್ತು.

ಆಮೇಲೆ ಒಡೆಯರೇ ಮುಂದೆ ನಿಂತು ಕಟ್ಟಿದ ಸಮಿತಿ ಬಂತು. ಬೈಲು ಉಳಿಯಬೇಕಾದರೆ ಜನ ಬಂದು ನೋಡಬೇಕು ಎಂದರು. ಸರಿ ಎಂದರು ಕೊಪ್ಪದವರು. ಸುಗ್ಗಿಗೆ ಎಲ್ಲರೂ ಭತ್ತ ಬಡಿಯುತ್ತಿದ್ದ ಗುಡ್ಡದ ಮೇಲಿನ ಕಳ ಬೇಕು ಎಂದರು. ಅದು ಕೊಪ್ಪದ್ದೇ ಜಾಗ. ಊರಿಗೆ ಒಳ್ಳೆಯದಾಗುತ್ತದೆಂದು, ಜಾಗ ಕೊಪ್ಪದ ಹೆಸರಲ್ಲೇ ಇಟ್ಟುಕೊಂಡು, ಬಳಸಲು ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಆ ಕಳದ ಮೇಲೆ ಕಲ್ಲು ಹಾಸಿ, ಮುಂದೆ ಕಬ್ಬಿಣದ ಕಟಾಂಜನ ಹಾಕಿ, 'ನೋಟದ ಕಟ್ಟೆ' ಎಂದು ಹೆಸರಿಟ್ಟರು. ಹಾಸಿದ ಕಲ್ಲನ್ನೆಲ್ಲ ತಲೆಯ ಮೇಲೆ ಹೊತ್ತವರು ಗಂಗಿಯ ತಂಡದ ಹೆಂಗಸರೇ. ಹೊಳೆಬದಿಯ ಕಾಂಡ್ಲಾ ಗಿಡ ಸವರಿ ನಡಿಗೆದಾರಿ ಮಾಡಿದರು. ಮನೆಯ ಶೀಟುಗಳ ಮೇಲೆ ಹುಲ್ಲು ಹೊದೆಸಿ ಎಂದರು. ಬಣ್ಣದ ಬಟ್ಟೆ ಹೊರಗೆ ಒಣಹಾಕಬೇಡಿ ಎಂದರು.

ಕಾಂಡ್ಲಾ ಹಿಂಡಿನ ಮರೆಯೇ ಹೆಂಗಸರು ಬೆಳಗು ಬೈಗು ಹೋಗುತ್ತಿದ್ದ ಜಾಗ. ಅದು ಹೋಯಿತು. ಗುಡ್ಡದ ಹಿಂದೆ ಡಾಂಬರು ರಸ್ತೆ, ರಸ್ತೆಯಾಚೆ ಒಡೆಯರ ಗೇರುತೋಟ, ಬೇಲಿ, ಎರಡು ನಾಯಿ. ಇನ್ನು ಉಳಿದದ್ದು ಬಯಲು. ಬೆಳಗಾಗುತ್ತಲೇ ಮಂಜಿನ ಚಿತ್ರ ತೆಗೆಯಲು ಸುಜಯನ ಡ್ರೋನು ಗುಂಯ್‌ಗುಡುತ್ತ ನೆತ್ತಿಯ ಮೇಲೆ ಬರುತ್ತಿತ್ತು. ಹೋದ ತಿಂಗಳು ಅವನು 'ಹಳ್ಳಿಯ ಮುಂಜಾವು' ಎಂದು ಫೋನಿಗೆ ಹಾಕಿದ ವಿಡಿಯೋದಲ್ಲಿ, ಹಸಿರಿನ ನಡುವೆ ಒಂದು ಕೆಂಪು ಚುಕ್ಕೆ ಎದ್ದು ಓಡುವುದನ್ನು ನೀಲಾ ನೋಡಿದ್ದಳು. ತನ್ನ ಸೀರೆಯನ್ನು ಅವಳು ಗುರುತು ಹಿಡಿದಳು. ಅದಕ್ಕೆ ಸಾವಿರಾರು ಜನ ಹೃದಯದ ಗುರುತು ಒತ್ತಿದ್ದರು.

ಅವತ್ತಿನಿಂದ ನೀಲಾ ನೀರು ಕುಡಿಯುವುದನ್ನು ಬಿಟ್ಟಳು.

ಒಡೆಯರು ಗೋಡೆಗೆ ಒದ್ದ ದಿನ ಸಂಜೆಯೊಳಗೆ ಗಂಗಿ ಕಲ್ಲನ್ನೆಲ್ಲ ಹೊತ್ತು ಅಂಗಳಕ್ಕೆ ಹಾಕಿದಳು. ಮರುದಿನ, ಬುಧವಾರ, ಅಂಕೋಲೆಯ ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಯಂತ್ರ ಓಡಿಸಿ ನೋಡಿದ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು.

"ದಿನಕ್ಕೆ ಎಷ್ಟು ನೀರು ಕುಡಿತೀರಿ?"

ನೀಲಾ ಎದ್ದು ಕೂತು ಸೀರೆ ಸರಿಮಾಡಿಕೊಂಡಳು.

"ಮಗುವಿನ ಸುತ್ತ ನೀರು ಕಮ್ಮಿಯಾಗಿದೆ. ಉಚ್ಚೆಯಲ್ಲಿ ಸೋಂಕು ಬೇರೆ. ಕಟ್ಟಿಕೊಂಡು ಕೂರ್ತೀರಾ? ಮೂರು ನಾಲ್ಕು ಲೀಟರ್ ಕುಡೀಬೇಕು, ಬಂದಾಗೆಲ್ಲ ಹೋಗ್ಬೇಕು. ಮುಂದಿನ ವಾರದೊಳಗೆ ಸರಿಯಾಗದಿದ್ರೆ ಮಗು ಉಳಿಸೋದು ಕಷ್ಟ. ನಾನು ಹೆದರಿಸ್ತಾ ಇಲ್ಲ."

ಬಸ್ಸಿನಲ್ಲಿ ಬರುವಾಗ ಗಂಗಿ ಬಾಟಲಿ ತೆರೆದು ಕೊಟ್ಟಳು. "ಕುಡಿ, ಮಗಾ."

"ಕುಡಿದ್ರೆ ಎಲ್ಲಿ ಹೋಗೂದು ಅವ್ವಿ?" ಎಂದಳು ನೀಲಾ. "ಬೆಳಿಗ್ಗೆ ಅದು ಮೇಲೆ ಬತ್ತದೆ. ಹಗಲಿಡೀ ಕಟ್ಟೆ ಮೇಲೆ ಜನ. ನಾ ಕತ್ತಲಾಗೂದನ್ನೇ ಕಾಯ್ತೆ. ಕತ್ತಲಾದ್ರೆ ಹಾವಿನ ಹೆದ್ರಿಕೆ." ಎರಡು ಗುಟುಕು ಕುಡಿದು ಬಾಟಲಿ ವಾಪಸು ಕೊಟ್ಟಳು.

ಗಂಗಿ ಇಳಿದವಳು ಮಗಳನ್ನು ಮನೆಗೆ ಬಿಟ್ಟು ನೆಟ್ಟಗೆ ಪಂಚಾಯ್ತಿಗೆ ನಡೆದಳು. ಅಲ್ಲಿಯ ಸಾಹೇಬ ಫೈಲು ತೆರೆದ, ಮುಚ್ಚಿದ.

"ನೋಡವ್ವಾ, ಮಂಜೂರಿ ಮಾಡಿದ್ದು ನಾವೇ ಹೌದು. ಆದ್ರೆ ಸಮಿತಿದು ತಕರಾರು ಬಂದದೆ. ಅವರದ್ದೊಂದು ಅಡ್ಡಿಯಿಲ್ಲ ಅಂತ ಕಾಗದ ತಗಂಡು ಬಾ."

"ಬಯಲಿಗೆ ಹೋಗ್ಬೇಡಿ, ಸಂಡಾಸು ಕಟ್ಟಿ, ಅಂದ್ಕಂಡು ಗೋಡೆ ತುಂಬ ಬರ್ದೋರು ನೀವೇ ಅಲ್ದಾ?"

"ಹೌದು. ಈಗ ಆ ಗೋಡೆಗೂ ಮಣ್ಣಿನ ಬಣ್ಣ ಬಳಿಸಿದ್ದಾರಲ್ಲವ್ವಾ, ಏನ್ಮಾಡ್ಲಿ?" ಎಂದು ಅವನು ನಕ್ಕ. ತಾನು ಹೇಳಿದ್ದು ಅವನಿಗೇ ತಮಾಷೆಯಾಗಿ ಕಂಡಿತು.

ಒಡೆಯರ ಮನೆಯ ಅಂಗಳದಲ್ಲಿ ಅವಳು ಎರಡು ತಾಸು ನಿಂತಳು. ಜಗುಲಿಯ ಮೇಲೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡಿದ್ದ ಒಡೆಯರಿಗೆ ಆ ಹೊತ್ತಿಗೆ ಸಿಟ್ಟು ಇಳಿದಿತ್ತು. ಸುಜಯ ಮಡಿಸಿದ್ದ ನಕ್ಷೆಯೊಂದನ್ನು ಬಿಡಿಸಿ ತೋರಿಸಿದ. ಕಟ್ಟೆಯಿಂದ ಬೈಲಿನ ಮೇಲೆ ಬೀಸಣಿಗೆಯ ಹಾಗೆ ಕೆಂಪು ಗೆರೆ ಎಳೆದಿದ್ದರು. ಅದರೊಳಗೆ ಏನೂ ಏಳುವಂತಿಲ್ಲ.

"ನಮ್ಗೇನು ನಿಮ್ಮ ಮೇಲೆ ಹಗೆಯಾ?" ಎಂದರು ಒಡೆಯರು. "ಕಟ್ಕಣಿ. ಬೇಡ ಅಂದವ್ರು ಯಾರು? ಕಟಾಂಜನದ ಹತ್ರ ನಿಂತು ಗದ್ದೆ ನೋಡೋರ ಕಣ್ಣಿಗೆ ಬೀಳ್ಬಾರ್ದು, ಅಷ್ಟೇ. ಬರ್ಕೊಡೋ ಸುಜಯ. ಅಷ್ಟು ಮಾಡೂಕೂ ಆಗದ ಪಾಪಿಯಲ್ಲ ನಾನು."

ಸುಜಯ ಬರೆದ. ಮೊಹರು ಒತ್ತಿದ. ಅಂಗಳದಲ್ಲಿದ್ದ ಗಂಗಿಗೆ ಕಾಗದವನ್ನು ಮೇಲಿನಿಂದಲೇ ಬಿಟ್ಟ. ಗಾಳಿಗೆ ಅದು ಹೂವಿನ ಕುಂಡದ ಹಿಂದೆ ಹೋಗಿ ಬಿತ್ತು. ಅವಳು ಬಾಗಿ ಹೆಕ್ಕಿಕೊಂಡಳು.

ನೀಲಾ ಓದಿ ಹೇಳಿದಳು: "ನೋಟದ ಕಟ್ಟೆಯ ಕಟಾಂಜನದ ಬಳಿ ನಿಂತು ಗದ್ದೆಯ ಕಡೆ ನೋಡುವವರ ಕಣ್ಣಿಗೆ ಬೀಳದಂತೆ, ಕೊಪ್ಪಕ್ಕೆ ಸೇರಿದ ಯಾವುದೇ ಜಾಗದಲ್ಲಿ ಶೌಚಾಲಯ ಕಟ್ಟಿಕೊಳ್ಳಲು ಸಮಿತಿಯ ಅಡ್ಡಿಯಿಲ್ಲ."

ಗುರುವಾರ ಗಂಗಿ ಜಾಗ ಹುಡುಕಲು ಹೊರಟಳು. ಕಾಮಿ ಮುದುಕಿಯನ್ನು ಕಟಾಂಜನದ ಬಳಿ ನಿಲ್ಲಿಸಿ, ತಾನು ಕೆಳಗಿಳಿದು ಒಂದು ಬಿದಿರಿನ ಗಳುವಿಗೆ ಬಿಳಿ ಪಂಚೆ ಕಟ್ಟಿ ಎತ್ತಿ ಹಿಡಿದಳು. ಸಂಡಾಸಿನ ಗೋಡೆ ಅಷ್ಟೇ ಎತ್ತರ.

"ಕಾಣತದ್ಯಾ ಕಾಮಕ್ಕಾ?"

"ಕಾಣತದೆ!"

ಮನೆಯ ಹಿಂದಕ್ಕೆ ಹೋದಳು. ಕಾಣುತ್ತದೆ. ಹಲಸಿನ ಮರದ ಬುಡಕ್ಕೆ ಹೋದಳು. ಕಾಣುತ್ತದೆ. ಒಡ್ಡಿನ ಮಗ್ಗುಲಿಗೆ, ಕೊಟ್ಟಿಗೆಯ ಪಕ್ಕಕ್ಕೆ, ಬಾವಿಯ ಆಚೆಗೆ. ಎಲ್ಲ ಕಡೆಯೂ ಕಾಣುತ್ತದೆ. ಸಮಿತಿಯವರು ಕಟ್ಟೆಯ ಜಾಗವನ್ನು ಹಾಗೆ ನೋಡಿಯೇ ಆರಿಸಿದ್ದರು. ಕಟ್ಟೆಯ ಮೇಲೆ ಬಂದಿದ್ದ ನಾಲ್ಕು ಜನ ಪ್ರವಾಸಿಗರು ಇದೂ ಒಂದು ಸುಗ್ಗಿಯ ಆಚರಣೆಯೆಂದು ತಿಳಿದು ಫೋಟೋ ಹೊಡೆದುಕೊಂಡರು. "ಬಹಳ ಚಂದ ಅಜ್ಜಿ, ಇದಕ್ಕೇನಂತಾರೆ?" ಎಂದು ಒಬ್ಬಳು ಕೇಳಿದಳು.

"ಹೇಲೂಕೆ ಜಾಗ ಹುಡ್ಕೂದು ಅಂತಾರೆ," ಎಂದಳು ಕಾಮಿ.

ಮಧ್ಯಾಹ್ನದ ಹೊತ್ತಿಗೆ ಗಂಗಿ ಗಳು ಎಳೆದುಕೊಂಡು ಗುಡ್ಡ ಹತ್ತಿ ಬಂದಳು. ಬೆವರು, ಹಸಿವು, ಸೋಲು. ಕಟ್ಟೆಯ ಹಿಂಬದಿಯ ಮೂಲೆಯಲ್ಲಿ ಗಳುವನ್ನು ಒರಗಿಸಿ ಕುಸಿದು ಕೂತಳು. ಕಾಮಿ ಇನ್ನೂ ಕಟಾಂಜನ ಹಿಡಿದು, ಕೈಯನ್ನು ಹಣೆಗೆ ಅಡ್ಡ ಹಿಡಿದು ಗದ್ದೆಯನ್ನೇ ನೋಡುತ್ತಿದ್ದಳು. ಗಂಗಿ ಬೆನ್ನ ಹಿಂದಿನಿಂದ ಹತ್ತಿ ಬಂದದ್ದು ಮುದುಕಿಗೆ ಗೊತ್ತಾಗಿರಲಿಲ್ಲ.

"ಈಗ ಕಾಣೂದಿಲ್ಲ ಗಂಗೀ!" ಎಂದು ಮುದುಕಿ ಬೈಲಿಗೆ ಕೂಗಿದಳು. "ಈಗೆಲ್ಲಿ ನಿಂತಿಯೇ? ಅಲ್ಲೇ ಕಟ್ಟು! ಅಲ್ಲಿ ಕಾಣೂದೇ ಇಲ್ಲ!"

ಗಂಗಿ ಮುದುಕಿಯ ಬೆನ್ನನ್ನು ನೋಡಿದಳು. ಆಮೇಲೆ ತಾನು ಕೂತ ಜಾಗವನ್ನು ನೋಡಿದಳು. ಇಲ್ಲಿಯೇ ಕಳದ ಮೇಟಿ ಕಂಬ ಇತ್ತು. ಕಂಬ ಕಿತ್ತ ಗುಂಡಿಗೆ ಮಣ್ಣು ತುಂಬಿ ಮೇಲೆ ಕಲ್ಲು ಹಾಸಿದವಳು ಅವಳೇ. ಕೆಳಗೆ ಒಂದಾಳು ಆಳ ಸಡಿಲ ಮಣ್ಣು. ತನ್ನ ಮನೆಯಿಂದ ಇಲ್ಲಿಗೆ ನಲವತ್ತು ಹೆಜ್ಜೆ. ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಕೊನೆಗೆ ಎರಡನ್ನೂ ನುಂಗಿಕೊಂಡು ಎದ್ದಳು.

ಶುಕ್ರವಾರ ಮಧ್ಯಾಹ್ನ ಒಡೆಯರೂ ಸುಜಯನೂ ಸಮಿತಿಯವರೂ ಸಾಹೇಬರನ್ನು ಎದುರುಗೊಳ್ಳಲು ಎರಡು ಕಾರು ಮಾಡಿಕೊಂಡು ಕಾರವಾರಕ್ಕೆ ಹೋದರು, ರಾತ್ರಿ ಅಲ್ಲೇ ಉಳಿಯುವವರಿದ್ದರು. ಹೊಳೆಯಲ್ಲಿ ನೀರು ಇಳಿಯತೊಡಗಿತ್ತು. ಗಂಗಿ ಒಡ್ಡಿನ ಮೇಲೆ ನಿಂತು, ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದಳು.

"ಒಡ್ಡು ಒಡದದೇ! ಒಡ್ಡು ಒಡದದೇ!"

ಕಟ್ಟಿನಕೊಪ್ಪದಲ್ಲಿ ಆ ಕೂಗಿಗೆ ಒಂದು ಕಟ್ಟಳೆಯಿದೆ. ಕೂಗು ಕೇಳಿದವರು ಯಾರ ಗದ್ದೆ ಎಂದು ಕೇಳುವಂತಿಲ್ಲ. ಒಲೆಯ ಮೇಲೆ ಅನ್ನವಿದ್ದರೆ ಇರಲಿ, ಬುಟ್ಟಿ ಹಿಡಿದು ಓಡಬೇಕು. ಇಳಿತ ಶುರುವಾದಲ್ಲಿಂದ ಭರತಿ ಏರುವುದರೊಳಗೆ ಸಿಗುವುದು ಆರು ತಾಸು. ಅಷ್ಟರಲ್ಲಿ ಗೋಡೆ ಏಳಬೇಕು, ಇಲ್ಲದಿದ್ದರೆ ಉಪ್ಪುನೀರು ನುಗ್ಗಿ ಬೆಳೆ ಹೋಯಿತು. ಕೆಲಸ ಮುಗಿಯುವವರೆಗೆ ಯಾರೂ ಬುಟ್ಟಿ ಕೆಳಗಿಡುವಂತಿಲ್ಲ. ಸುಳ್ಳು ಕೂಗು ಕೂಗಿದವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಗಂಗಿಗೆ ನೆನಪಿದ್ದಂತೆ ಹಾಗೆ ಯಾರೂ ಕೂಗಿದ್ದಿಲ್ಲ.

ಇಪ್ಪತ್ತಮೂರು ಹೆಂಗಸರು ಓಡಿಬಂದರು. ಒಡ್ಡು ಗಟ್ಟಿಯಾಗಿಯೇ ಇತ್ತು.

"ಎಲ್ಲೇ ಒಡದದ್ದು?" ಎಂದಳು ಕಾಮಿ. ಮುದುಕಿಯ ದನಿಯಲ್ಲಿ ಸಿಟ್ಟಿತ್ತು. "ಎಲ್ಲೇ ನೀರು?"

ಗಂಗಿ ಮಗಳ ಕೈ ಹಿಡಿದು ಮುಂದೆ ತಂದಳು. "ಇಲ್ಲಿ. ಇದ್ರ ಹೊಟ್ಟೇಲಿ. ಕೂಸಿನ ಸುತ್ತ ಇರೂ ನೀರು ಬತ್ತಿ ಹೋಗ್ತದೆಯಂತೆ. ಹೋಗೂಕೆ ಜಾಗ ಇಲ್ಲಾಂತ ಇದು ನೀರು ಕುಡಿಯೂದು ಬಿಟ್ಟದೆ. ನಾ ಸುಳ್ಳು ಕೂಗದ್ದು ಅಂದ್ರೆ ಹೇಳಿ, ತಲೆ ಬಗ್ಗಿಸ್ತೆ."

ಅಲ್ಲಿದ್ದ ಒಬ್ಬೊಬ್ಬಳೂ ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದೇನೆಂದು ತನ್ನೊಳಗೇ ಲೆಕ್ಕ ಹಾಕಿರಬೇಕು. ಕಾಮಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು.

"ಸುಳ್ಳಲ್ಲ," ಎಂದಳು. "ಹೊತ್ತು ಹೋಗ್ತದೆ. ಸಾಲು ನಿಲ್ಲಿ."

ಗಂಗಿಯ ಮನೆಯ ಅಂಗಳದಿಂದ ಕಟ್ಟೆಯವರೆಗೆ ಸಾಲು ನಿಂತಿತು. ಕಲ್ಲು ಕೈಯಿಂದ ಕೈಗೆ ಹತ್ತಿತು, ಗಜನಿ ಮಣ್ಣು ಬುಟ್ಟಿಯಿಂದ ಬುಟ್ಟಿಗೆ ಹತ್ತಿತು. ಮೂಲೆಯ ಹಾಸುಗಲ್ಲು ಎಬ್ಬಿಸಿ, ಮೇಟಿಯ ಗುಂಡಿ ತೋಡಿ ಸಿಮೆಂಟ್ ರಿಂಗು ಇಳಿಸಿದರು. ಕೂರುವ ಬೇಸಿನ್ನು ಕೂರಿಸಿದರು. ನೀರು ನುಗ್ಗುವ ಬಾಯಿಗೆ ಎದುರು ನಿಂತು ಗೋಡೆ ಎಬ್ಬಿಸಿ ರೂಢಿಯಿದ್ದವರಿಗೆ, ನಿಂತ ನೆಲದ ಮೇಲೆ ನಾಲ್ಕು ಗೋಡೆ ಯಾವ ಮಹಾ?

ಅರ್ಧ ಗೋಡೆ ಎದ್ದಾಗ ಬೊಮ್ಮಯ್ಯ ಬಂದ. ಟೋಪಿ, ಸೀಟಿ. ಹೆಂಗಸರ ಕೈ ನಿಂತಿತು.

"ಊದು," ಎಂದಳು ಗಂಗಿ. "ಅದ್ಕೇ ಇಟ್ಕಂಡದ್ದು ನಿನ್ನ."

ಬೊಮ್ಮಯ್ಯ ಸೀಟಿಯನ್ನು ಬಾಯಿಗಿಟ್ಟ. ಮಗಳ ಕಡೆ ನೋಡಿದ. ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಎದ್ದುಹೋಗಿ, ಸಾಹೇಬರ ಸ್ವಾಗತಕ್ಕೆ ಕಟ್ಟಿ ಉಳಿದಿದ್ದ ಒಂದು ಫ್ಲೆಕ್ಸು ತಂದು ಮಾಡಿಗೆ ಹೊದೆಸಿ ಬಿಗಿದು ಕಟ್ಟಿದ. ಅದರಲ್ಲಿ ಕೈಮುಗಿದು ನಗುವ ತುಳಸಿದಾಸ ಒಡೆಯರಿದ್ದರು. ಮುಖ ಆಕಾಶಕ್ಕೆ.

"ಡ್ರೋನಿಗೆ ಕಾಣ್ಲಿ," ಎಂದ. ಅವತ್ತು ಅವನು ಆಡಿದ ಮಾತು ಅದೊಂದೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಾರುಗಳು ಬಂದವು. ಕುಡುಗೋಲು ಹಿಡಿದು ಸಾಲಾಗಿ ನಿಂತು ಸ್ವಾಗತಿಸಬೇಕೆಂದು ಹೆಂಗಸರಿಗೆ ಅಪ್ಪಣೆಯಾಗಿತ್ತು. ಅವರು ಸಾಲಾಗಿಯೇ ನಿಂತಿದ್ದರು, ಕೈಯಲ್ಲಿ ಮಣ್ಣಿನ ಬುಟ್ಟಿ. ಸಾಹೇಬರು ಮೆಟ್ಟಿಲು ಹತ್ತಿ ಬಂದವರು ಮೂಲೆಯ ಗೋಡೆಯನ್ನೂ, ಬಾಗಿಲಿಗೆ ಕಟ್ಟಿದ ಸೀರೆಯನ್ನೂ ನೋಡಿ ನಿಂತರು.

"ಇದು ಏನು? ಇದೂ ಪಾರಂಪರಿಕವಾ?"

ಒಡೆಯರು ಹೆಂಗಸರ ಕಡೆ ತಿರುಗಿದರು. "ಯಾವ ಬೋಳಿಮಕ್ಕಳು ಕಟ್ಟದ್ದು ಇದನ್ನ? ಕೆಡವ್ರೇ! ಏ ಬೊಮ್ಮಯ್ಯಾ, ಎಂತ ನೋಡ್ತಿಯೋ?"

ಗಂಗಿ ಸೆರಗಿನಿಂದ ಕಾಗದ ಬಿಡಿಸಿ ಮುಂದೆ ಹಿಡಿದಳು. "ನೀವೇ ಬರ್ಸಿ ಕೊಟ್ಟದ್ದು, ಒಡೆಯಾ. ಕಟಾಂಜನದ ಹತ್ರ ನಿಂತು ಗದ್ದೆ ನೋಡೋರ ಕಣ್ಣಿಗೆ ಬೀಳ್ಬಾರ್ದು ಅಂತ. ಕೊಪ್ಪದ್ದೇ ಜಾಗ ಇದು. ನಿಂತು ನೋಡಿ. ಬೀಳತದ್ಯಾ?"

ಸಾಹೇಬರು ಕಾಗದ ಇಸಿದುಕೊಂಡು ಓದಿದರು. ಮತ್ತೊಮ್ಮೆ ಓದಿದರು. ಸುಜಯ ಆಗಲೇ ಹತ್ತು ಹೆಜ್ಜೆ ದೂರ ಹೋಗಿ ಫೋನಿನಲ್ಲಿ ಪಿಸುಗುಡುತ್ತಿದ್ದ: "ಬಾಳೆಗುಳಿ ಕ್ರಾಸಲ್ಲಿ ಜೆಸಿಬಿ ನಿಂತದೆಯಲ್ಲ, ಅದನ್ನೇ ಕಳಿಸು. ಈಗ್ಲೇ."

ಒಡೆಯರು ಸೀರೆಯ ಬಾಗಿಲಿಗೆ ಕೈ ಹಾಕಲು ಮುಂದೆ ಬಂದರು. ಆಗ ಒಳಗಿಂದ ಚೊಂಬಿನಿಂದ ನೀರು ಸುರಿದ ಸದ್ದು ಬಂತು. ಒಡೆಯರು ಕೆಂಡ ಮುಟ್ಟಿದವರ ಹಾಗೆ ಕೈ ಹಿಂದೆಗೆದರು.

"ಒಳಗೆ ಬಸರಿ ಕೂತದೆ," ಎಂದಳು ಗಂಗಿ ಬಾಗಿಲಿಗೆ ಅಡ್ಡ ನಿಂತು. "ಗಂಡಸ್ರು ಇತ್ತ ನೋಡ್ಬಾರ್ದು. ಅತ್ತ ತಿರುಗಿ ನಿಂತ್ಕಣಿ. ಗದ್ದೆ ನೋಡೂಕೇ ಅಲ್ದಾ ಬಂದದ್ದು? ನೋಡಿ."

ಯಾರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಸೀಟಿ ಕೂಗಿತು. ಬೊಮ್ಮಯ್ಯ ಕೆನ್ನೆ ಉಬ್ಬಿಸಿ, ಕೊರಳ ನರ ಎದ್ದು ಕಾಣುವ ಹಾಗೆ ಊದುತ್ತಿದ್ದ, ಕೈಯನ್ನು ಕಟಾಂಜನದ ಕಡೆ ಚಾಚಿ. ಮೊದಲು ಸಾಹೇಬರು ತಿರುಗಿದರು. ಅವರು ತಿರುಗಿದ ಮೇಲೆ ಅವರ ಹಿಂದಿನವರು, ಅವರ ಹಿಂದಿನವರು. ಕೊನೆಗೆ ತುಳಸಿದಾಸ ಒಡೆಯರು. ಇಸ್ತ್ರಿ ಮಾಡಿದ ಬಿಳಿಯಂಗಿಗಳ ಹನ್ನೆರಡು ಬೆನ್ನು ಸಾಲಾಗಿ ನಿಂತವು. ಎದುರಿಗೆ ಕಗ್ಗ ಹೊನ್ನಿನ ಬಣ್ಣಕ್ಕೆ ತಿರುಗಿ ತೂಗುತ್ತಿತ್ತು, ಆಚೆ ಹೊಳೆ, ಅದರಾಚೆ ಮಂಜಗುಣಿ ತೆಂಗು. ನೋಡಲು ನಿಜಕ್ಕೂ ಚಂದವಿತ್ತು.

"ಸಾವಕಾಶ ಮಾಡು, ಮಗಾ," ಎಂದಳು ಗಂಗಿ ಒಳಗೆ ಕೇಳುವಂತೆ. "ಗಡಿಬಿಡಿ ಇಲ್ಲ."

ರಸ್ತೆಯ ತಿರುವಿನಲ್ಲಿ ಜೆಸಿಬಿಯ ಸದ್ದು ಕೇಳಿಸತೊಡಗಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬುಟ್ಟಿ ಕೆಳಗಿಡಲಿಲ್ಲ. ಕಾಮಿ ಸಾಲಿನಿಂದ ಹೊರಬಂದು ರಸ್ತೆಯ ಕಡೆಯ ಮೆಟ್ಟಿಲಿಗೆ ಹೋಗಿ ಕೂತಳು, ಅವಳ ಪಕ್ಕಕ್ಕೆ ಇನ್ನೊಬ್ಬಳು, ಮತ್ತೊಬ್ಬಳು.

ನೀಲಾ ಸೀರೆ ಸರಿಸಿ ಹೊರಗೆ ಬಂದಳು. ತಾಯಿ ಕೊಟ್ಟ ಕುಡಿಯುವ ನೀರಿನ ತಾಮ್ರದ ಚೊಂಬನ್ನು ಎತ್ತಿ, ಅಷ್ಟೂ ಬೆನ್ನುಗಳ ಹಿಂದೆ ನಿಂತು, ಒಂದೇ ಉಸಿರಿಗೆ ಗಟಗಟ ಕುಡಿದಳು. ಕುಡಿದು ಖಾಲಿ ಚೊಂಬನ್ನು ಮುಂದೆ ಹಿಡಿದಳು.

"ಇನ್ನೊಂದು ಕೊಡು, ಅವ್ವಿ."